ಯುದ್ಧದ ಹೊಣೆಯನ್ನು ಗುಪ್ತಚರರ ತಲೆಗೆ ಕಟ್ಟಿದರೆ ಸಾಲದು

ಮಾನ್ಯ ಸಂಪಾದಕರೇ,

ಇರಾಕ್ ಯುದ್ಧದ ಮಾತು ಬಂದಾಗಲೆಲ್ಲ ‘ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಗುಪ್ತಚರರು ತಪ್ಪು ಮಾಹಿತಿ ಕೊಟ್ಟರು, ನಾಯಕರು ನಂಬಿ ಕೆಟ್ಟರು’ ಎಂಬ ವಾದ ಕೇಳಿಬರುತ್ತದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಇಷ್ಟನ್ನೇ ಒಪ್ಪಿಕೊಂಡು ಸುಮ್ಮನಾದರೆ, 2003ರ ಮಾರ್ಚ್ 20ರಂದು ಆ ಯುದ್ಧ ಹೂಡಿದವರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದಾಗುತ್ತದೆ. ಒಂದು ವರದಿ ಮೂಲದಿಂದ ಹೊರಟು ಮಂತ್ರಿಯ ಭಾಷಣ ಸೇರುವ ತನಕ ಏನೇನಾಯಿತು ಎಂಬುದು ಅಮೆರಿಕ, ಬ್ರಿಟನ್‌ಗಳ ತನಿಖಾ ವರದಿಗಳಲ್ಲೇ ದಾಖಲಾಗಿದೆ. ಅವನ್ನು ಓದಿದರೆ, ಮಾಹಿತಿ ತಪ್ಪಿದ್ದಕ್ಕಿಂತ ಅದರ ಜೊತೆಗಿದ್ದ ಅನುಮಾನಗಳನ್ನು ಅಳಿಸಿದ್ದು ದೊಡ್ಡ ಅಪರಾಧವಾಗಿ ಕಾಣುತ್ತದೆ.

ಅಲ್ಯೂಮಿನಿಯಂ ಕೊಳವೆಗಳ ವಿಷಯವನ್ನೇ ನೋಡಿ. ಇರಾಕ್ ತರಿಸುತ್ತಿದ್ದ, 81 ಮಿಲಿಮೀಟರ್ ವ್ಯಾಸದ ಈ ಕೊಳವೆಗಳು ಅಣುಬಾಂಬಿಗೆ ಬೇಕಾದ ಯುರೇನಿಯಂ ತಯಾರಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆಂದೇ ಎಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೇಳಿತು. ಸೆಂಟ್ರಿಫ್ಯೂಜ್ ಬಲ್ಲ ತಜ್ಞರಿದ್ದದ್ದು ಅಮೆರಿಕದ ಇಂಧನ ಇಲಾಖೆಯಲ್ಲಿ. ಕೊಳವೆಯ ಗೋಡೆ ಅದಕ್ಕೆ ತೀರಾ ದಪ್ಪ, ಇರಾಕ್ ಹಿಂದಿನಿಂದಲೂ ಮಾಡುತ್ತಿದ್ದ 81 ಮಿ.ಮೀ. ರಾಕೆಟ್ಟಿಗೆ ಮಾತ್ರ ಅಳತೆ ಸರಿಹೊಂದುತ್ತದೆ ಎಂದು ಅವರು ತಿಳಿಸಿದ್ದರು. ವಿದೇಶಾಂಗ ಇಲಾಖೆಯ ಗುಪ್ತಚರ ಘಟಕವೂ ಅವರ ಪರ ನಿಂತಿತು. ಗುಪ್ತಚರ ಸಂಸ್ಥೆಗಳು ಸೇರಿ ಕೊಟ್ಟ 2002ರ ಅಕ್ಟೋಬರಿನ ರಹಸ್ಯ ವರದಿಯಲ್ಲಿ ಈ ಭಿನ್ನಮತ ವಿವರವಾಗಿ ಇತ್ತು. ಸಾರ್ವಜನಿಕರಿಗೆ ಕೊಟ್ಟ ಪ್ರತಿಯಲ್ಲಿ ‘ಕೆಲವರು’ ಬೇರೆ ಅಭಿಪ್ರಾಯದವರು ಎಂದಷ್ಟೇ ಉಳಿಯಿತು. ಆ ಕೆಲವರೇ ವಿಷಯ ಬಲ್ಲವರು ಎಂಬುದನ್ನು ಯಾರೂ ಹೇಳಲಿಲ್ಲ. ‘ನಮ್ಮ ಅಂದಾಜಿನಂತೆ’ ಎಂಬ ಮಾತುಗಳನ್ನೂ ಅಲ್ಲಲ್ಲಿ ಕಿತ್ತುಹಾಕಿದ್ದರಿಂದ ಊಹೆಗಳೆಲ್ಲ ಸಾಬೀತಾದ ಸಂಗತಿಗಳಂತೆ ಓದಿಸಿಕೊಂಡವು. ರಹಸ್ಯ ಪ್ರತಿಯನ್ನು ನೋಡಲು ಸೆನೆಟರುಗಳಿಗೆ ಅವಕಾಶವಿತ್ತು. ಪೂರ್ತಿ ಓದಿದವರು ಬೆರಳೆಣಿಕೆಯಷ್ಟು. ಓದಿದ್ದ ಸೆನೆಟರ್ ಬಾಬ್ ಗ್ರಹಾಂ, ಸೆನೆಟ್ಟಿನ ಗುಪ್ತಚರ ಸಮಿತಿಯ ಅಧ್ಯಕ್ಷರಾಗಿದ್ದೂ, ಯುದ್ಧದ ವಿರುದ್ಧ ಮತ ಹಾಕಿದರು. ಸೆನೆಟ್ 77–23ರಿಂದ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತು.

ಇರಾಕಿನಲ್ಲಿ ಲಾರಿಗಳಲ್ಲಿ ಜೈವಿಕ ಅಸ್ತ್ರ ತಯಾರಾಗುತ್ತದೆ ಎಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ 2003ರ ಫೆಬ್ರುವರಿ 5ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಹೇಳಿದರು. ಅದರ ಮುಖ್ಯ ಮೂಲ, ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಇರಾಕಿ, ಜರ್ಮನಿಯ ಗುಪ್ತಚರ ಸಂಸ್ಥೆಯ ವಶದಲ್ಲಿದ್ದ. ಯುದ್ಧಕ್ಕೆ ಮೊದಲು ಸಿಐಎ ಅವನನ್ನು ನೇರವಾಗಿ ವಿಚಾರಿಸಲೇ ಇಲ್ಲ. ತಾನು ಕಟ್ಟಿ ಹೇಳಿದ್ದೆಂದು ಅವನು 2011ರಲ್ಲಿ ಒಪ್ಪಿಕೊಂಡ. ಅವನ ಮಾತಿಗೆ ಪುಷ್ಟಿ ಕೊಟ್ಟಿದ್ದ ಇನ್ನೊಬ್ಬ ಸುಳ್ಳುಗಾರನೆಂದು ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ 2002ರ ಮೇ ತಿಂಗಳಲ್ಲೇ ಸೂಚನೆ ಹೊರಡಿಸಿತ್ತು. ಆದರೆ ಅವನ ಹಳೆಯ ವರದಿಗಳನ್ನು ವಾಪಸು ಪಡೆಯಲಿಲ್ಲ. ಅವೇ ಮತ್ತೆ ಭಾಷಣಕ್ಕೆ ಬಂದವು. ಬ್ರಿಟನ್ನಿನಲ್ಲಿ ‘45 ನಿಮಿಷದಲ್ಲಿ ಅಸ್ತ್ರ ಸಜ್ಜು’ ಎಂಬ ಮಾತು ಹುಟ್ಟಿಸಿದ ಭೀತಿಯೂ ಇಂಥದೇ. ಮೂಲ ವರದಿ ರಣರಂಗದ ಸಣ್ಣ ಶಸ್ತ್ರಗಳ ಕುರಿತಾಗಿತ್ತು, ದೂರಗಾಮಿ ಕ್ಷಿಪಣಿಗಳ ಕುರಿತಲ್ಲ. ಸರ್ಕಾರದ ಕಡತ ಅದನ್ನು ಬಿಡಿಸಿ ಹೇಳಲಿಲ್ಲ.

ನಂತರ ನಡೆದ ತನಿಖೆಗಳ ವ್ಯಾಪ್ತಿಯನ್ನೂ ಗಮನಿಸಬೇಕು, ಏಕೆಂದರೆ ಹೊಣೆ ತಪ್ಪಿಸಿಕೊಳ್ಳುವ ದಾರಿ ಅಲ್ಲಿಯೇ ಇದೆ. ಅಮೆರಿಕದ ಸಿಲ್ಬರ್‌ಮನ್–ರಾಬ್ ಆಯೋಗ 2005ರಲ್ಲಿ ಗುಪ್ತಚರರನ್ನು ಕಟುವಾಗಿ ಟೀಕಿಸಿತು. ಆದರೆ ರಾಜಕಾರಣಿಗಳು ಆ ಮಾಹಿತಿಯನ್ನು ಹೇಗೆ ಬಳಸಿದರು ಎಂದು ಕೇಳುವ ಅಧಿಕಾರವನ್ನೇ ಅದಕ್ಕೆ ಕೊಟ್ಟಿರಲಿಲ್ಲ. ಆ ಪ್ರಶ್ನೆಗೆ ಸೆನೆಟ್ ಸಮಿತಿಯ ಉತ್ತರ ಬಂದದ್ದು 2008ರ ಜೂನ್‌ನಲ್ಲಿ. ಅಷ್ಟರಲ್ಲಿ, ಯುದ್ಧ ಹೂಡಿದ ಅಧ್ಯಕ್ಷ ಬುಷ್ 2004ರಲ್ಲೇ ಮರು ಆಯ್ಕೆಯಾಗಿದ್ದರು. ಬ್ರಿಟನ್ನಿನ ಚಿಲ್ಕಾಟ್ ತನಿಖೆ 2009ರಲ್ಲಿ ಶುರುವಾಗಿ 2016ರ ಜುಲೈ 6ರಂದು ವರದಿ ಕೊಟ್ಟಿತು: 26 ಲಕ್ಷ ಪದಗಳು, 12 ಸಂಪುಟ. ಶಾಂತಿಯ ದಾರಿಗಳು ಮುಗಿದಿರಲಿಲ್ಲ, ಇಲ್ಲದ ಖಚಿತತೆಯನ್ನು ಜನರ ಮುಂದಿಟ್ಟರು ಎಂದು ಅದು ಸ್ಪಷ್ಟವಾಗಿ ಬರೆಯಿತು. ಅಷ್ಟು ಹೊತ್ತಿಗೆ ಯುದ್ಧಕಾಲದ ಪ್ರಧಾನಿ ಬ್ಲೇರ್ ಹುದ್ದೆ ಬಿಟ್ಟು ಒಂಬತ್ತು ವರ್ಷ. ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಅವರ ಮೇಲೆ ಖಾಸಗಿ ಮೊಕದ್ದಮೆಗೂ ಅವಕಾಶ ಸಿಗಲಿಲ್ಲ. ಆಕ್ರಮಣ ಯುದ್ಧ ಅಲ್ಲಿಯ ದೇಶೀಯ ಕಾನೂನಿನಲ್ಲಿ ಅಪರಾಧವೇ ಅಲ್ಲ ಎಂದು 2017ರಲ್ಲಿ ತೀರ್ಪಾಯಿತು.

ಕಾಸರಗೋಡಿನವರಿಗೆ ಬಾಗ್ದಾದಿನ ಲೆಕ್ಕ ಯಾಕೆ ಎನ್ನಬಾರದು. ಮಂಜೇಶ್ವರದಿಂದ ತೃಕ್ಕರಿಪುರದ ತನಕ ಗಲ್ಫಿನ ದುಡಿಮೆಯ ಮೇಲೆ ನಿಂತ ಮನೆಗಳು ಎಷ್ಟೋ ಇವೆ. ಇರಾಕಿ ಸೈನ್ಯವನ್ನು 2003ರ ಮೇ ತಿಂಗಳಲ್ಲಿ ವಿಸರ್ಜಿಸಿದ್ದರಿಂದ ಬೀದಿಗೆ ಬಿದ್ದ ಅಧಿಕಾರಿಗಳಲ್ಲಿ ಕೆಲವರು ಮುಂದೆ ಐಸಿಸ್‌ನ ಬೆನ್ನೆಲುಬಾದರು. 2014ರಲ್ಲಿ ತಿಕ್ರಿತ್‌ನಿಂದ 46 ದಾದಿಯರು ಜೀವ ಉಳಿಸಿಕೊಂಡು ಕೊಚ್ಚಿಗೆ ಬಂದಿಳಿದರು. ಮೋಸುಲ್‌ನಲ್ಲಿ ಸಿಕ್ಕಿಬಿದ್ದ 39 ಭಾರತೀಯ ಕಾರ್ಮಿಕರು ಸತ್ತಿದ್ದಾರೆಂದು ಅವರ ಮನೆಯವರಿಗೆ ಖಚಿತವಾದದ್ದು 2018ರಲ್ಲಿ. ಮತ ಹಾಕಿದ ಸೆನೆಟರುಗಳು ಇವರಲ್ಲಿ ಯಾರ ಮುಖವನ್ನೂ ನೋಡಿದವರಲ್ಲ.

ನಮ್ಮಲ್ಲಿ ಇದಕ್ಕಿಂತ ಗಟ್ಟಿ ವ್ಯವಸ್ಥೆ ಇದೆಯೇ? ಇಲ್ಲ. ಯುದ್ಧ ಹೂಡಲು ಸಂಸತ್ತಿನ ಮುಂಗಡ ಒಪ್ಪಿಗೆ ಬೇಕೆಂದು ಸಂವಿಧಾನ ಹೇಳುವುದಿಲ್ಲ. ಸಂಪುಟ ನಿರ್ಧರಿಸುತ್ತದೆ, 75(3)ನೇ ವಿಧಿಯಂತೆ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗುತ್ತದೆ. ಇರಾಕಿಗೆ ಒಂದು ಡಿವಿಷನ್ ಸೈನ್ಯ ಕಳಿಸಿ ಎಂಬ ಅಮೆರಿಕದ ಕೋರಿಕೆಯನ್ನು 2003ರ ಜುಲೈ 14ರಂದು ನಮ್ಮ ಸಂಪುಟದ ಭದ್ರತಾ ಸಮಿತಿ ತಳ್ಳಿಹಾಕಿತು. ವಿಶ್ವಸಂಸ್ಥೆಯ ಆದೇಶವಿಲ್ಲದೆ ಹೋಗುವುದಿಲ್ಲ ಎಂದಿತು. ಒಳ್ಳೆಯ ನಿರ್ಧಾರ. ಆದರೆ ಅದೇ ಸಮಿತಿ ‘ಆಗಲಿ’ ಎಂದಿದ್ದರೆ ತಡೆಯುವ ಕಾಯ್ದೆ ಯಾವುದೂ ಇರಲಿಲ್ಲ. ಹೊರದೇಶಗಳ ಗುಪ್ತ ಮಾಹಿತಿ ಕಲೆಹಾಕಲು 1968ರಲ್ಲಿ ಹುಟ್ಟಿದ ‘ರಾ’ ಸಂಸ್ಥೆಗೆ ತನ್ನದೇ ಕಾಯ್ದೆ ಇಲ್ಲ, ಅದರ ಕೆಲಸ ಪರಿಶೀಲಿಸುವ ಸಂಸದೀಯ ಸಮಿತಿಯೂ ಇಲ್ಲ. 1962ರಲ್ಲಿ ಚೀನಾದೆದುರು ಕಂಡ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಹೊರಗೆ ಬಿಟ್ಟಿಲ್ಲ. ಕಾರ್ಗಿಲ್ ಸಮಿತಿಯ ವರದಿ ಏಳೇ ತಿಂಗಳಲ್ಲಿ ಸಂಸತ್ತಿಗೆ ಬಂತು, ಅದು ಮೆಚ್ಚತಕ್ಕದ್ದೇ. ಆದರೂ ಅದರ ಹಲವು ಭಾಗಗಳನ್ನು ತೆಗೆದುಹಾಕಿದ್ದರು.

ಆದ್ದರಿಂದ ಬೇಕಾದದ್ದು ಕಾಯ್ದೆ. ಅದರಲ್ಲಿ ನಾಲ್ಕು ಸಂಗತಿ ಇರಲೇಬೇಕು. ಎಲ್ಲ ಪಕ್ಷಗಳ ಸಂಸದರ ಒಂದು ಸಣ್ಣ ಸಮಿತಿ, ಗೌಪ್ಯತೆಯ ಪ್ರಮಾಣ ಮಾಡಿ, ಸಾರಾಂಶವನ್ನಲ್ಲ ಮೂಲ ವರದಿಯನ್ನೇ ಓದಬೇಕು. ಸೈನ್ಯ ಗಡಿ ದಾಟಿಸಲು ಆಧಾರವೆಂದು ಸರ್ಕಾರ ಹೇಳುವ ಪ್ರತಿ ಮಾತಿನ ಜೊತೆಗೆ ಭಿನ್ನಮತ ಏನು, ಅದು ಯಾವ ಸಂಸ್ಥೆಯದು, ಮೂಲ ಎಷ್ಟು ನಂಬಲರ್ಹ ಎಂಬುದು ಆ ಸಮಿತಿಗೆ ಲಿಖಿತವಾಗಿ ಸಿಗಬೇಕು. ದಾಳಿಗೆ ತುತ್ತಾದ ದೇಶ ಕಾಯುತ್ತ ಕೂರಲಾಗದು ನಿಜ; ಅಂಥ ಹೊತ್ತಿನಲ್ಲಿ ಸೈನ್ಯ ಹೊರಟ ಮೇಲೆ ಇಂತಿಷ್ಟು ದಿನದೊಳಗೆ ಈ ಲಿಖಿತ ವಿವರ ಸಮಿತಿಯ ಮುಂದೆ ಮಂಡನೆಯಾಗಲಿ. ಯುದ್ಧ ನಿಂತ ಮೇಲಿನ ತನಿಖೆಗೆ ಮಂತ್ರಿಗಳ ನಡವಳಿಕೆಯನ್ನೂ ವಿಚಾರಿಸುವ ಅಧಿಕಾರ ಬೇಕು, ವರದಿ ಮುಂದಿನ ಚುನಾವಣೆಗೆ ಮೊದಲೇ ಸದನಕ್ಕೆ ಬರಬೇಕು.

2011ರಲ್ಲಿ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳ ನಿಯಂತ್ರಣಕ್ಕೆ ಖಾಸಗಿ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ. ಖಾಸಗಿ ಮಸೂದೆಗೆ ಒಂದು ತಿಂಗಳ ನೋಟಿಸು ಸಾಕು. ಶುಕ್ರವಾರದ ಮಧ್ಯಾಹ್ನ ಅದಕ್ಕೆಂದೇ ಮೀಸಲು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸಂಸದರು, ಪಕ್ಷ ಬೇರೆಯಾದರೂ, ಗಲ್ಫಿಗೆ ಮಕ್ಕಳನ್ನು ಕಳಿಸಿದ ಒಂದೇ ಕರಾವಳಿಯನ್ನು ಪ್ರತಿನಿಧಿಸುವವರು. ಮುಂದಿನ ಅಧಿವೇಶನದಲ್ಲಿ ಈ ನೋಟಿಸು ಕೊಡುತ್ತೀರಾ ಎಂದು ಇಬ್ಬರನ್ನೂ ನಿಮ್ಮ ಪತ್ರಿಕೆ ಕೇಳಿ, ಉತ್ತರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ