ನೆರವು ತೋಟದ ಮನೆಯ ಗೇಟಿನವರೆಗೆ ಬರಲಿ

ಮಾನ್ಯ ಸಂಪಾದಕರೇ,

ಪೇಟೆಯಿಂದ ದೂರದ ಜಮೀನಿನಲ್ಲಿ, ಹುಟ್ಟಿನಿಂದಲೇ ಬರುವ, ಬೌದ್ಧಿಕ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್ ಎಂಬ ಸ್ಥಿತಿ ಇರುವ 31 ವರ್ಷದ ಮಗಳೊಂದಿಗೆ ಬದುಕುತ್ತಿರುವ ತಾಯಿ ನಾನು. ನಮ್ಮ ಮನೆಗೆ ಬಂದವರೆಲ್ಲ ಹೊರಡುವ ಮುನ್ನ ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ನಂತರ ಇವಳ ಗತಿಯೇನು? ಕಾಳಜಿಯಿಂದಲೇ ಕೇಳುತ್ತಾರೆ. ಅದರ ಬೆನ್ನಿಗೇ, ಪೇಟೆಯ ಯಾವುದಾದರೂ ವಸತಿ ಕೇಂದ್ರಕ್ಕೆ ಈಗಲೇ ಸೇರಿಸಿಬಿಡಿ ಎಂಬ ಸಲಹೆಯೂ ಬರುತ್ತದೆ. ಆ ಸಲಹೆಯನ್ನು ನಾವು ಏಕೆ ಒಪ್ಪಿಲ್ಲ, ಅವಳು ಇಲ್ಲಿಯೇ ಉಳಿಯಬೇಕಾದರೆ ನಮ್ಮಂಥ ಮನೆಗಳಿಗೆ ಏನು ಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಬಯಸುತ್ತೇನೆ.

ಸಂಜೆ ಕೋಳಿಗೂಡಿನ ಬಾಗಿಲು ಹಾಕುವುದು ಮಗಳ ಕೆಲಸ. ನಮ್ಮಲ್ಲಿರುವುದು ಇಪ್ಪತ್ತಮೂರು ಕೋಳಿ, ಅವಳಿಗೆ ಹತ್ತರ ಮೇಲೆ ಎಣಿಕೆ ಬಾರದು. ಒಂದು ಸಂಜೆ ಮಳೆ ಕವಿದುಕೊಂಡು ಬರುತ್ತಿದ್ದರೂ, ಎಷ್ಟು ಹೇಳಿದರೂ ಕೇಳದೆ, ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ಹಟ ಹಿಡಿದಿದ್ದಾಳೆಂದು ನಾನು ಗದರಿದೆ. ಕೊನೆಗೆ ಅವಳೇ ನನ್ನ ಮಣಿಕಟ್ಟು ಹಿಡಿದು ಹುಲ್ಲಿನ ಬಣವೆಯ ಹಿಂದಕ್ಕೆ ಕರೆದೊಯ್ದಳು. ಕುತ್ತಿಗೆಯ ಪುಕ್ಕ ಉದುರಿದ ಹೇಂಟೆಯೊಂದು ಅಲ್ಲಿ ಕಾವಿಗೆ ಕೂತಿತ್ತು. ಎಣಿಕೆಯ ಹಂಗಿಲ್ಲದೆ ಅವಳು ಒಂದೊಂದು ಕೋಳಿಯನ್ನೂ ಗುರುತಿಟ್ಟುಕೊಂಡಿದ್ದಾಳೆ ಎಂಬುದು ನನಗೆ ಅಂದು ತಿಳಿಯಿತು. ಅವಳ ಅಂಗವೈಕಲ್ಯವನ್ನು ಶೇಕಡಾವಾರು ನಮೂದಿಸಿರುವ ಪ್ರಮಾಣಪತ್ರದಲ್ಲಿ ಈ ಅರಿವಿಗೆ ಜಾಗವಿಲ್ಲ.

ಇಂಥ ತಿಳಿವಳಿಕೆ ಈ ನೆಲಕ್ಕೆ ಅಂಟಿಕೊಂಡದ್ದು. ಯಾವ ಗೇಟು ಯಾರು ಹಾಕಬೇಕು, ಯಾವ ಕರು ಹಾಯುತ್ತದೆ, ಕೊಟ್ಟಿಗೆಯಿಂದ ಮನೆಗೆ ಬರುವ ದಾರಿಯಲ್ಲಿ ಎಲ್ಲಿ ಜಾರುತ್ತದೆ ಎಂಬುದೆಲ್ಲ ಅವಳಿಗೆ ವರ್ಷಗಳ ಅಭ್ಯಾಸದಿಂದ ಬಂದಿದೆ. ಒಮ್ಮೆ ನನ್ನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅವಳನ್ನು ಒಂದು ವಾರ ಬೇರೆಡೆ ಇರಿಸಬೇಕಾಯಿತು. ಅಲ್ಲಿಯವರು ಒಳ್ಳೆಯವರೇ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ಮನೆಯಲ್ಲಿ ತನ್ನ ಬಟ್ಟೆ ತಾನೇ ಒಗೆದು ಹರವುವ ಹೆಣ್ಣುಮಗಳು, ಮೂರನೆಯ ದಿನಕ್ಕೆ ಮಾತು ನಿಲ್ಲಿಸಿ, ಊಟದ ತಟ್ಟೆಯನ್ನು ಯಾರಾದರೂ ಕೈಗೆ ಕೊಡುವವರೆಗೆ ಕಾಯುತ್ತ ಕೂತಿದ್ದಳಂತೆ. ಅವಳನ್ನು ಇಲ್ಲಿಂದ ಎತ್ತಿ ಬೇರೆಡೆ ಇಟ್ಟರೆ ಅವಳ ಅರ್ಧ ಸಾಮರ್ಥ್ಯ ಇಲ್ಲಿಯೇ ಉಳಿದುಬಿಡುತ್ತದೆ.

ಅವಳು ಹುಟ್ಟಿದಾಗ ವೈದ್ಯರು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಅವರನ್ನು ನಾನು ದೂರುವುದಿಲ್ಲ. ಅಮೆರಿಕದಂಥ ದೇಶದಲ್ಲಿಯೂ 1980ರ ದಶಕದ ಆರಂಭದಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಸುಮಾರು 25 ವರ್ಷ ಮಾತ್ರ ಇತ್ತು. ಇವರಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಇರುವ ಹೃದಯದ ದೋಷಕ್ಕೆ ಶಸ್ತ್ರಚಿಕಿತ್ಸೆ ಮತ್ತು ಒಳ್ಳೆಯ ಆರೈಕೆ ಸಿಗುತ್ತಿರುವುದರಿಂದ ಅದು ಈಗ 60ರ ಆಸುಪಾಸಿಗೆ ಬಂದಿದೆ. ಮಕ್ಕಳು ಬೆಳೆದರು, ಆದರೆ ವ್ಯವಸ್ಥೆ ಅವರ ಜೊತೆಗೆ ಬೆಳೆಯಲಿಲ್ಲ. ವಿಶೇಷ ಶಾಲೆ, ಮಾತಿನ ತರಬೇತಿ, ವ್ಯಾಯಾಮ ಚಿಕಿತ್ಸೆ ಎಲ್ಲವೂ ಬಾಲ್ಯವನ್ನೇ ಲೆಕ್ಕ ಹಿಡಿದು ರೂಪಿಸಿದವು. 18 ದಾಟಿದ ಮೇಲೆ ನಮ್ಮ ಮನೆಯತ್ತ ಯಾರೂ ತಿರುಗಿ ನೋಡಲಿಲ್ಲ. ಡೌನ್ ಸಿಂಡ್ರೋಮ್ ಇರುವವರಲ್ಲಿ ನೆನಪನ್ನು ಕುಂದಿಸುತ್ತ ಹೋಗುವ ಅಲ್ಝೈಮರ್ ಕಾಯಿಲೆ ಇತರರಿಗಿಂತ ಬಹಳ ಬೇಗ, ಅನೇಕರಿಗೆ ನಲವತ್ತು ಐವತ್ತರ ಪ್ರಾಯದಲ್ಲಿಯೇ ತಲೆದೋರುತ್ತದೆ. ಅವಳ ಆ ವಯಸ್ಸಿಗೆ ನಮ್ಮ ಕೈಯಲ್ಲಿ ಶಕ್ತಿ ಇರುವುದಿಲ್ಲ.

ಜಮೀನಿನ ಬದುಕೆಂದರೆ ಬರೀ ಹಸಿರು, ನೆಮ್ಮದಿ ಎಂದು ಯಾರೂ ಭಾವಿಸಬಾರದು. ಮಗಳಿಗೆ 27ನೆಯ ವಯಸ್ಸಿನಲ್ಲಿ ಮೂರ್ಛೆರೋಗ ಕಾಣಿಸಿಕೊಂಡಿತು. ಮೊದಲ ಸಲ ಅವಳು ಬಿದ್ದದ್ದು ಕೃಷಿ ಹೊಂಡದಿಂದ ನಾಲ್ಕು ಮಾರು ದೂರದಲ್ಲಿ. ಅಂದಿನಿಂದ ಹೊಂಡಕ್ಕೆ ಬೇಲಿ, ಬಾವಿಗೆ ಮುಚ್ಚಳ, ಕೀಟನಾಶಕದ ಕೋಣೆಗೆ ಬೀಗ ಬಿದ್ದವು. ಮೂರ್ಛೆ ಬಂದಾಗ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಅದುಮಿ ಹಿಡಿಯಬಾರದು, ಗಡಿಯಾರ ನೋಡಿಕೊಳ್ಳಬೇಕು ಎಂಬುದನ್ನು ನಮ್ಮಲ್ಲಿ ಕೆಲಸಕ್ಕೆ ಬರುವವರಿಗೂ ಕಲಿಸಿದ್ದೇವೆ. 5 ನಿಮಿಷ ಮೀರಿ ಮುಂದುವರಿದರೆ ಅದು ತುರ್ತು ಸ್ಥಿತಿ. ಆಂಬುಲೆನ್ಸ್ ನಮ್ಮ ಗೇಟಿಗೆ ಬರುವಷ್ಟರಲ್ಲಿ ಅಂಥ ಹಲವು 5 ನಿಮಿಷಗಳು ಕಳೆದಿರುತ್ತವೆ. ವೈದ್ಯರು ಬರೆದುಕೊಟ್ಟರೆ ಮನೆಯವರೇ ಮೂಗಿಗೆ ಸಿಂಪಡಿಸಬಹುದಾದ ಮಿಡಜೋಲಾಮ್ ಎಂಬ ಔಷಧವಿದೆ. ಆಸ್ಪತ್ರೆಯಿಂದ ದೂರ ಇರುವವರಿಗೆ ಅದು ಎಷ್ಟು ದೊಡ್ಡ ಆಸರೆ ಎಂಬುದು ಬಳಸಿದವರಿಗೇ ಗೊತ್ತು. ಹೀಗಿದ್ದರೂ ಮೊದಲ ಎರಡು ವರ್ಷ ನಮಗೆ ಅದರ ಹೆಸರನ್ನು ಯಾರೂ ಹೇಳಲಿಲ್ಲ. ಚೀಟಿ ಬರೆಯುವಾಗ ನಿಮ್ಮ ಮನೆ ಎಷ್ಟು ದೂರ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅವಳನ್ನೇ ಕೇಳುವ ಅಭ್ಯಾಸವೂ ಯಾರಿಗೂ ಇಲ್ಲ. ಒಂದು ಕಚೇರಿಯಲ್ಲಿ ಅಧಿಕಾರಿಯೊಬ್ಬರು ಅವಳೆದುರೇ "ಇವರ ಹೆಸರೇನಮ್ಮ?" ಎಂದು ನನ್ನನ್ನು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಹೆಸರನ್ನೂ, ಕೇಳದಿದ್ದರೂ ಎರಡು ಹಸುಗಳ ಹೆಸರನ್ನೂ ಸ್ಪಷ್ಟವಾಗಿ ಹೇಳಿದಳು. ಅವರು ಬರೆದುಕೊಂಡರು, ಆದರೆ ಮುಂದಿನ ಪ್ರಶ್ನೆಯನ್ನೂ ನನಗೇ ಹಾಕಿದರು.

ಅಂಗವಿಕಲರ ಹಕ್ಕುಗಳ ಕುರಿತು 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯ 19ನೆಯ ವಿಧಿಯು, ಎಲ್ಲಿ ಮತ್ತು ಯಾರೊಂದಿಗೆ ಬಾಳಬೇಕೆಂದು ಆಯ್ದುಕೊಳ್ಳುವ ಅವಕಾಶ ಇತರರಂತೆಯೇ ಅವರಿಗೂ ಇರಬೇಕು, ಬೇಕಾದ ನೆರವು ಮನೆಯಲ್ಲಿಯೂ ಸಿಗಬೇಕು ಎನ್ನುತ್ತದೆ. ಪುನರ್ವಸತಿಗೆ ಸಂಬಂಧಿಸಿದ 26ನೆಯ ವಿಧಿಯಲ್ಲಿ, ಗ್ರಾಮೀಣ ಪ್ರದೇಶಗಳನ್ನೂ ಒಳಗೊಂಡು, ಸೇವೆಗಳು ಅವರವರ ನೆಲೆಗೆ ಸಾಧ್ಯವಾದಷ್ಟು ಹತ್ತಿರ ಇರಬೇಕೆಂಬ ಮಾತಿದೆ. ನಾನು ಕೇಳುತ್ತಿರುವುದು ಇದನ್ನೇ.

ಇದು ಆಗದ ಮಾತೇನಲ್ಲ. ಬೆಲ್ಜಿಯಂ ದೇಶದ ಗೀಲ್ ಎಂಬ ಪಟ್ಟಣದಲ್ಲಿ ಮಾನಸಿಕ ಕಾಯಿಲೆ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಸಾಮಾನ್ಯ ಕುಟುಂಬಗಳು ತಮ್ಮ ಮನೆಗಳಲ್ಲಿಯೇ ಇರಿಸಿಕೊಳ್ಳುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಹಿಂದೆ ಅವರಲ್ಲಿ ಬಹಳಷ್ಟು ಮಂದಿ ಮನೆಯವರ ಜೊತೆ ಹೊಲದಲ್ಲಿ ದುಡಿಯುತ್ತಿದ್ದರು. 2023ರಲ್ಲಿ ಯುನೆಸ್ಕೋ ಈ ಪರಂಪರೆಯನ್ನು ತನ್ನ ಪಟ್ಟಿಯೊಂದಕ್ಕೆ ಸೇರಿಸಿ ಗೌರವಿಸಿತು. ಅಲ್ಲಿನ ಕುಟುಂಬಗಳ ಮಮತೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನನ್ನ ಗಮನ ಸೆಳೆದದ್ದು ಮಮತೆಯ ಹಿಂದಿರುವ ಏರ್ಪಾಡು: ಆ ಕುಟುಂಬಗಳಿಗೆ ಭತ್ಯೆ ಇದೆ, ಮನೆಗೆ ಬಂದು ನೋಡುವ ದಾದಿಯರಿದ್ದಾರೆ, ಪರಿಸ್ಥಿತಿ ಕೈಮೀರಿದರೆ ಸೇರಿಸಿಕೊಳ್ಳಲು ಆಸ್ಪತ್ರೆ ಇದೆ. ನಮ್ಮಂಥ ಮನೆಗಳಲ್ಲಿ ಮಮತೆಗೆ ಕೊರತೆ ಇಲ್ಲ. ಆದರೆ ನನಗೆ ಜ್ವರ ಬಂದ ದಿನ ಮಗಳ ಮಾತ್ರೆಯ ಹೊತ್ತನ್ನು ನೆನಪಿಡುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ನನ್ನ ಗಂಡನಿಗೆ 66 ವರ್ಷ, ಬೆನ್ನುನೋವಿನಿಂದ ಭಾರ ಎತ್ತುವಂತಿಲ್ಲ. ನಾವಿಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೊರಗೆ ತಂಗಿ ಹನ್ನೊಂದು ವರ್ಷಗಳಾದವು. ಮಗ ದೂರದ ನಗರದಲ್ಲಿದ್ದಾನೆ. "ಅಮ್ಮ, ನಾನಿದ್ದೇನಲ್ಲ" ಎಂದು ಮನಃಪೂರ್ವಕವಾಗಿಯೇ ಹೇಳುತ್ತಾನೆ. ಆದರೆ ತಂಗಿ ಬೆಳಿಗ್ಗೆ ಯಾವ ಮಾತ್ರೆ ನುಂಗುತ್ತಾಳೆ ಎಂಬುದು ಅವನಿಗೆ ತಿಳಿಯದು. ಇದು ಅವನ ತಪ್ಪಲ್ಲ. ಎಲ್ಲವನ್ನೂ ನಾನೇ ತಲೆಯಲ್ಲಿಟ್ಟುಕೊಂಡು, ಬೇರೆಯವರ ಕೈಗೆ ಬಿಟ್ಟುಕೊಡದೆ ಬಂದೆ, ಆ ತಪ್ಪು ನನ್ನದು. ಎರಡು ವರ್ಷಗಳಿಂದ ಒಂದು ನೋಟ್‌ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದೇನೆ: ಔಷಧದ ಪ್ರಮಾಣ ಮತ್ತು ಹೊತ್ತು, ಥೈರಾಯ್ಡ್ ಪರೀಕ್ಷೆಯ ದಿನಾಂಕಗಳು, ಅವಳು ಕಿವಿಯನ್ನು ಮುಟ್ಟಿಕೊಂಡರೆ ನೋವಿದೆ ಎಂದೇ ಅರ್ಥ, ಹಿಂದಿನಿಂದ ಬಂದು ಹೆಗಲು ಮುಟ್ಟಬಾರದು, ಗುಡುಗಿನ ರಾತ್ರಿ ಕೋಣೆಯ ದೀಪ ಆರಿಸಬಾರದು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ ದೊಡ್ಡದೇನಲ್ಲ. ತರಬೇತಿ ಪಡೆದ ಒಬ್ಬರು ವಾರಕ್ಕೆ ಎರಡು ದಿನ ಇಂಥ ಮನೆಗಳಿಗೆ ಬರುವಂತಾಗಲಿ, ಅದಕ್ಕೆ ತಕ್ಕ ಸಂಬಳವೂ ದಾರಿಯ ಖರ್ಚೂ ಅವರಿಗೆ ಸಿಗಲಿ. ಅವರ ಆಗಮನ ನಾವು ಗಟ್ಟಿಯಾಗಿರುವಾಗಲೇ ಶುರುವಾಗಬೇಕು. ನನ್ನ ಪುಸ್ತಕದಲ್ಲಿ ಅರ್ಥವಾಗದ್ದನ್ನು ನನ್ನನ್ನೇ ಕೇಳಿ ತಿಳಿದುಕೊಳ್ಳಬೇಕು, ಸಂಜೆ ಕೋಳಿಗೂಡಿನ ಬಳಿ ಮಗಳು ಬಾಗಿಲು ಹಾಕದೆ ನಿಂತಾಗ ಗದರದೆ ಅವಳ ಜೊತೆ ಬಣವೆಯ ಹಿಂದಕ್ಕೆ ಹೋಗಿ ನೋಡಬೇಕು.

ಇಂತಿ,
ತೋಟದ ಮನೆಯ ಒಬ್ಬ ತಾಯಿ