ಮುಲಾಮಿಗೆ ಮೊದಲು ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ಚರ್ಮದ ಮೇಲೆ ಉಂಗುರದಂಥ ಕೆಂಪು ಕಲೆ ಎದ್ದು ತುರಿಸಿದರೆ ಸಾಕು, ಹುಳಕಡ್ಡಿ (ಫಂಗಸ್ ಸೋಂಕು) ಎಂದು ನಾವೇ ತೀರ್ಮಾನಿಸಿ ಮುಲಾಮು ಹಚ್ಚುತ್ತೇವೆ. ನಾನೂ ಹಾಗೇ ಮಾಡಿದ್ದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ತುರಿಕೆ ಕಡಿಮೆಯಾಯಿತು, ಫಂಗಸ್ ಮಾತ್ರ ಸದ್ದಿಲ್ಲದೆ ಹರಡಿತು.

ಕೊನೆಗೆ ಚರ್ಮವನ್ನು ಸ್ವಲ್ಪ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ದ್ರಾವಣ ಚರ್ಮದ ಕಣಗಳನ್ನು ಕರಗಿಸುತ್ತದೆ, ಫಂಗಸ್‌ನ ಎಳೆಗಳು ಎದ್ದು ಕಾಣುತ್ತವೆ. ಅದೇ ದಿನ ಉತ್ತರ ಸಿಕ್ಕಿತು! ಯಾವ ಜಾತಿಯ ಫಂಗಸ್ ಎಂದು ತಿಳಿಯಲು ಕಲ್ಚರ್ (ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆ) ಬೇಕು, ಅದಕ್ಕೆ ಕೆಲವು ವಾರ ಹಿಡಿಯುತ್ತದೆ.

ಫಂಗಸ್‌ನಿಂದ ಉಗುರು ದಪ್ಪಗಾಗಿದೆ ಎನಿಸಿದಾಗಲಂತೂ ಪರೀಕ್ಷೆ ಇನ್ನೂ ಮುಖ್ಯ. ಫಂಗಸ್ ಅಲ್ಲದ ಚರ್ಮರೋಗವಾದ ಸೋರಿಯಾಸಿಸ್‌ನಲ್ಲೂ ಉಗುರು ಹಾಗೇ ದಪ್ಪಗಾಗುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗುವ ಮೊದಲು ಒಮ್ಮೆ ಕೆರೆದು ನೋಡಬಹುದು, ಅಲ್ವಾ? ವೈದ್ಯರು ತಾವಾಗಿಯೇ ಇದನ್ನು ಸೂಚಿಸಲಿ.

— ಒಬ್ಬ ಓದುಗ