ಜೀನ್ ಕತ್ತರಿ ಬಂತು ಅಂದಿರಿ, ಮಾತ್ರೆ ಎಲ್ಲಿ ಶಾಸಕರೇ?

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ. ಹೋದ ತಿಂಗಳು ನಿಮ್ಮ ಆರೋಗ್ಯ ಮೇಳ ನಡೆಯಿತಲ್ಲ, ಅದರ ಕರಪತ್ರ ಅಚ್ಚಾಗಿದ್ದು ಗದಗಿನಲ್ಲಿ ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲಿ. ಪ್ರೂಫ್ ನೋಡಿದವನು ನಾನೇ. ನಿಮ್ಮ ಹುಡುಗರು ಕಳಿಸಿದ್ದರಲ್ಲಿ ‘ಆರೋಗ್ಯ’ ಹೋಗಿ ‘ಅರೋಗ್ಯ’ ಆಗಿತ್ತು. ಸರಿ ಮಾಡಿದೆ.

ಮೇಳದಲ್ಲಿ ನೀವು ಮೈಕ್ ಹಿಡಿದು, ಜೀನ್ ಕತ್ತರಿ ಬಂದಿದೆ, ನಮ್ಮ ದೇಶದಲ್ಲೇ ತಯಾರಾಗಿದೆ, ರಕ್ತದ ಕಾಯಿಲೆ ಇರುವ ಮಕ್ಕಳ ತಂದೆ ತಾಯಿ ಇನ್ನು ಅಳಬೇಕಿಲ್ಲ ಅಂದಿರಿ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರೂಢಿ ಬಿದ್ದುಹೋಗಿದೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಸರಿಯಾದ ರಕ್ತ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಎಂಟು ತಿಂಗಳ ಕೂಸಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಇಲ್ಲಿವರೆಗೆ 150 ಸಲ ಆಗಿರಬೇಕು, ಎಣಿಸುವುದು ಬಿಟ್ಟಿದ್ದೇನೆ. ಬೆಳಗ್ಗೆ ಐದೂವರೆ ಬಸ್ಸಿಗೆ ಹೊರಟರೆ ಅಣ್ಣಿಗೇರಿ ಬರುವಷ್ಟರಲ್ಲಿ ಅವಳು ನನ್ನ ತೊಡೆ ಮೇಲೆ ಮಲಗಿರುತ್ತಾಳೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ರಕ್ತ ಹೊಂದಿಸಿ, ಏರಿಸಿ ಮುಗಿಸುವಷ್ಟರಲ್ಲಿ ಸಂಜೆ. ಆ ದಿನದ ಪಗಾರ ಹೋಯಿತು. ಅದನ್ನೂ ಎಣಿಸುವುದು ಬಿಟ್ಟಿದ್ದೇನೆ.

ಆದರೆ ರಕ್ತ ಏರಿಸಿದರೆ ಮುಗಿಯಲಿಲ್ಲ. ಒಂದೊಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಷ್ಟೊಂದು ಕಬ್ಬಿಣ ಹೊರಗೆ ಹಾಕುವ ದಾರಿ ದೇಹಕ್ಕಿಲ್ಲ. ಲಿವರಿನಲ್ಲಿ, ಹೃದಯದಲ್ಲಿ ಕೂಡುತ್ತಾ ಹೋಗುತ್ತದೆ. ಅದನ್ನು ತೆಗೆಯಲು ಡಿಫೆರಾಸಿರಾಕ್ಸ್ ಅನ್ನೋ ಮಾತ್ರೆ ದಿನಾ ಕೊಡಬೇಕು. ಒಂದು ದಿನವೂ ತಪ್ಪಬಾರದು. ಪುಕ್ಕಟೆ ಕೊಡುವ ಕಡೆ ಆ ಮಾತ್ರೆ ನಮಗೆ ಸಿಗದೆ ಎರಡು ತಿಂಗಳಾಯಿತು. ಹೊರಗೆ ಕೊಂಡರೆ ನನ್ನ ಪಗಾರದ ಮೂರನೇ ಒಂದು ಭಾಗ ಅದಕ್ಕೇ ಬೇಕು. ಅರ್ಧ ತಿಂಗಳದ್ದು ಕೊಂಡೆ. ಉಳಿದರ್ಧ ತಿಂಗಳು ದೇವರಿಗೆ ಬಿಟ್ಟೆ.

ಈಗ ಈ ಪತ್ರ ಬರೆಸಿದ ಮಾತಿಗೆ ಬರುತ್ತೇನೆ. ಹೋದ ವಾರ ಔಷಧಿ ಕೌಂಟರಿನಲ್ಲಿ ಮತ್ತೆ ಕೇಳಿದೆ. ಅಲ್ಲಿದ್ದವರು ಮೊಬೈಲಿನಿಂದ ತಲೆ ಎತ್ತದೆ ಹೇಳಿದರು: "ಸ್ಟಾಕ್ ಇಲ್ರಿ. ಹೆಂಗೂ ಜೀನ್ ಕತ್ತರಿ ಬಂದೈತಂತಲ್ರಿ, ಸಾಹೇಬರು ಭಾಷಣದಾಗ ಹೇಳ್ಯಾರ. ಇನ್ನ ಮಾತ್ರಿ ಯಾಕ?"

ಪಕ್ಕದಲ್ಲಿ ಮಗಳಿದ್ದಳು. ಬಸ್ಸಿನಲ್ಲಿ ಕೇಳಿದಳು, "ಅಪ್ಪಾ, ಕತ್ತರಿ ಹಾಕಿದ್ರ ನೋಯ್ತೈತೇನು?"

ಸಾಹೇಬರೇ, ನೀವು ಕತ್ತರಿ ಅಂದದ್ದು ಒಂದು ಕಿಣ್ವ. ಡಿಎನ್‌ಎಯ ಗೊತ್ತು ಮಾಡಿದ ಜಾಗದಲ್ಲಿ ಕತ್ತರಿಸುವ ಪ್ರೋಟೀನು. ಪ್ರೆಸ್ಸಿನವನಿಗೆ ಇದೆಲ್ಲಾ ಹೇಗೆ ಗೊತ್ತು ಅಂತೀರಾ? ಎಂಟು ವರ್ಷ ವಾರ್ಡಿನ ಬೆಂಚಿನ ಮೇಲೆ ಕೂತವನು ಏನೇನೋ ಓದುತ್ತಾನೆ. ಮೊದಲು ಪ್ರತಿ ಜಾಗಕ್ಕೂ ಬೇರೆ ಪ್ರೋಟೀನು ಕಟ್ಟಬೇಕಿತ್ತು. ಜಿಂಕ್ ಫಿಂಗರ್ ಅಂತ, ಒಂದೊಂದು ಬೆರಳು ಡಿಎನ್‌ಎಯ ಮೂರು ಅಕ್ಷರ ಓದುತ್ತದೆ. ಬೆರಳು ಸಾಲಾಗಿ ಜೋಡಿಸಿ, ತುದಿಗೆ ಕತ್ತರಿಸುವ ಭಾಗ ಅಂಟಿಸುವುದು. ನಮ್ಮ ಹಿರಿಯರು ಅಚ್ಚಿನ ಮೊಳೆ ಜೋಡಿಸುತ್ತಿದ್ದರಲ್ಲ, ಹಾಗೆ. 2012ರಲ್ಲಿ ಕ್ರಿಸ್ಪರ್ ಅನ್ನೋ ಹೊಸ ವಿಧಾನ ಬಂದ ಮೇಲೆ ಕೆಲಸ ಹಗುರಾಯಿತು. ಕ್ಯಾಸ್9 ಕಿಣ್ವ ಅದೇ ಇರುತ್ತದೆ, ಜಾಗ ತೋರಿಸುವ 20 ಅಕ್ಷರದ ಆರ್‌ಎನ್‌ಎ ಚೀಟಿ ಬದಲಿಸಿದರೆ ಸಾಕು. ಆದರೆ ಅದು ಒಮ್ಮೊಮ್ಮೆ ಅದನ್ನೇ ಹೋಲುವ ಬೇರೆ ಜಾಗದಲ್ಲೂ ಕತ್ತರಿ ಆಡಿಸುತ್ತದೆ. ಕಂಪ್ಯೂಟರಿನಲ್ಲಿ ‘ಎಲ್ಲಾ ಕಡೆ ಬದಲಿಸು’ ಒತ್ತಿ ಕೈ ಸುಟ್ಟುಕೊಂಡ ನನಗೆ ಇದು ಬೇಗ ತಿಳಿಯಿತು.

ದೆಹಲಿಯ ಐಜಿಐಬಿ ಅನ್ನೋ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಫ್ರಾನ್ಸಿಸೆಲ್ಲಾ ನೋವಿಸಿಡಾ ಅನ್ನೋ ಬ್ಯಾಕ್ಟೀರಿಯಾದ ಕ್ಯಾಸ್9 ಆರಿಸಿಕೊಂಡರು. ಅದು ತಪ್ಪು ಜಾಗ ಮುಟ್ಟುವುದು ಕಡಿಮೆ, ಆದರೆ ಕೆಲಸ ಮಂದ. ಅದನ್ನೇ ಅಲ್ಲಲ್ಲಿ ತಿದ್ದಿ ಚುರುಕು ಮಾಡಿದರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ 2025ರ ನವೆಂಬರಿನಲ್ಲಿ ಬಿರ್ಸಾ 101 ಅಂತ ಹೆಸರಿಟ್ಟದ್ದು ಸಿಕಲ್ ಸೆಲ್, ಅಂದರೆ ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಕಾಯಿಲೆಯ ಚಿಕಿತ್ಸೆಗೆ. ನನ್ನ ಮಗಳದ್ದು ಥಲಸ್ಸೇಮಿಯಾ. ಎರಡೂ ಒಂದೇ ಜೀನಿನ ತಪ್ಪು ನಿಜ, ಕಾಯಿಲೆ ಒಂದೇ ಅಲ್ಲ. ನಿಮ್ಮ ಭಾಷಣದ ಪ್ರೂಫ್ ಯಾರೂ ನೋಡಲಿಲ್ಲ ಅನಿಸುತ್ತೆ.

ಥಲಸ್ಸೇಮಿಯಾಕ್ಕೆ ಹೊರದೇಶದಲ್ಲಿ ಕ್ಯಾಸ್ಜೆವಿ ಅನ್ನೋ ಕ್ರಿಸ್ಪರ್ ಚಿಕಿತ್ಸೆ ಇದೆ. ಬ್ರಿಟನ್ 2023ರಲ್ಲಿ ಒಪ್ಪಿತು, ಅಮೆರಿಕ 2024ರ ಜನವರಿಯಲ್ಲಿ. ಹೊಟ್ಟೆಯಲ್ಲಿದ್ದಾಗ ಕೂಸಿಗೆ ಬೇರೆ ನಮೂನೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್11ಎ ಅನ್ನೋ ಜೀನು ಅದನ್ನು ಬಂದ್ ಮಾಡಿಸುತ್ತದೆ. ರೋಗಿಯದೇ ರಕ್ತ ಹುಟ್ಟಿಸುವ ಕೋಶ ಹೊರತೆಗೆದು, ಆ ಸ್ವಿಚ್ಚಿಗೇ ಕತ್ತರಿ ಹಾಕಿ ಹಳೆಯ ಹಿಮೋಗ್ಲೋಬಿನ್ ಮತ್ತೆ ಶುರು ಮಾಡುತ್ತಾರೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿಗೂ ಜಾಸ್ತಿ. ಮೊದಲು ಒಪ್ಪಿಗೆ ಸಿಕ್ಕಿದ್ದೂ 12 ವರ್ಷ ತುಂಬಿದವರಿಗೆ.

ಇರಲಿ, ನಾಳೆ ಅಗ್ಗವಾಗಬಹುದು, ನಮ್ಮ ದೇಶದ್ದೇ ಬರಬಹುದು. ಆದರೆ ತಿದ್ದಿದ ಕೋಶ ಮೈಗೆ ಏರಿಸುವ ಮೊದಲು ಗಟ್ಟಿ ಕೀಮೋ ಕೊಟ್ಟು ಹಳೆ ಅಸ್ಥಿಮಜ್ಜೆ ಖಾಲಿ ಮಾಡುತ್ತಾರೆ. ಕಬ್ಬಿಣ ತುಂಬಿದ ಲಿವರು ಅದನ್ನು ತಡೆದುಕೊಳ್ಳುತ್ತದಾ? ಮಗಳ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿದ ಕಬ್ಬಿಣದ ಅಂದಾಜು ತೋರಿಸುವ ಲೆಕ್ಕ, ಹೋದ ಸಲ 3,400 ಇತ್ತು, ಬಹಳ ಜಾಸ್ತಿ. ಕತ್ತರಿ ಗದಗಿಗೆ ಬಂದ ದಿನ ಈಕೆ ಆ ಚಿಕಿತ್ಸೆಗೆ ತಕ್ಕವಳಾಗಿ ಉಳಿದಿರಬೇಕಲ್ಲ? ಅದಕ್ಕೇ ಮಾತ್ರೆ ಕೇಳುತ್ತಿದ್ದೇನೆ.

2016ರ ಅಂಗವಿಕಲರ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ. ಈ ಮಕ್ಕಳಿಗೆ ರಕ್ತ ಪುಕ್ಕಟೆ ಕೊಡಬೇಕು. ಇದೆಲ್ಲಾ ನಿಮಗೆ ಗೊತ್ತಿರುವುದೇ, ನಾನು ಹೇಳಬೇಕಿಲ್ಲ. ಆದರೂ ಅಂಗವಿಕಲರ ಕಾರ್ಡಿಗೆ ಹೋದಾಗ ಒಬ್ಬರು ಮಗಳನ್ನು ಮೇಲಿಂದ ಕೆಳಗೆ ನೋಡಿ, "ಕೈ ಕಾಲು ನೆಟ್ಟಗದಾವಲ್ರಿ" ಅಂದರು. ಅದನ್ನು ಇಲ್ಲಿಗೇ ಬಿಡುತ್ತೇನೆ, ಶುರು ಮಾಡಿದರೆ ಪತ್ರ ಮುಗಿಯುವುದಿಲ್ಲ.

ಇನ್ನೊಂದು ಮಾತು. ನನ್ನ ಹೆಂಡತಿ ನನ್ನ ಅಕ್ಕನ ಮಗಳೇ. ನಮ್ಮ ಕಡೆ ಇದು ಹೊಸದಲ್ಲ. ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆ ಇದೆ ಅಂತ ಆಗ ಯಾರೂ ಹೇಳಲಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ತಪ್ಪು ಜೀನು ಇದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಮುಂದಿನ ಮೇಳದಲ್ಲಿ ಬಿಪಿ, ಶುಗರ್ ಜೊತೆ ಅದನ್ನೂ ಇಡಿಸಿ.

ಆದರೆ ಮೊದಲು ಮಾತ್ರೆ. ನಮ್ಮ ತಾಲೂಕು ಆಸ್ಪತ್ರೆಯಲ್ಲೇ ತಿಂಗಳು ತಿಂಗಳು ತಪ್ಪದೆ ಸಿಗಬೇಕು. ರಕ್ತ ಏರಿಸಲು ವಾರಕ್ಕೊಂದು ದಿನ, ಎರಡು ಮಂಚ ಅಲ್ಲೇ ಇಡಿಸಿದರೆ ನಿಮ್ಮ ಪುಣ್ಯ. ಆದರೆ ಮಾತ್ರೆ ಮೊದಲು.

ಅವಳ ಮುಂದಿನ ಸರದಿ ಇದೇ 23ಕ್ಕೆ. ನಾನು ಮತ್ತೆ ಅದೇ ಕೌಂಟರಿಗೆ ಹೋಗುತ್ತೇನೆ. ನಿಮ್ಮ ಮುಂದಿನ ಕರಪತ್ರ ನಮ್ಮ ಪ್ರೆಸ್ಸಿಗೇ ಬರುತ್ತೆ ಅಂತ ಗೊತ್ತು. ಅದರಲ್ಲಿ ಜೀನ್ ಕತ್ತರಿ ಅಂತ ಹಾಕಿಸುವುದಾದರೆ ಕೆಳಗೆ ‘ಮಾತ್ರೆ ಸ್ಟಾಕ್ ಇದೆ’ ಅಂತ ಒಂದು ಸಾಲು ಸೇರಿಸಿ ಕಳಿಸಿ. ಆ ಸಾಲು ಸುಳ್ಳಾಗಿದ್ದರೆ ಮಾತ್ರ ಪ್ರೂಫಿನಲ್ಲೇ ಹೊಡೆದುಹಾಕುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಂದೆ
ಗದಗ ಜಿಲ್ಲೆ